ಟವೆಲ್ಲಿನ ಕೆಳಗಿನ ಭೂವಿಜ್ಞಾನ

ಕ್ಯಾಂಟೀನಿನ ಬಾಗಿಲು ಗಾಳಿಗೆ ಬಡಿದುಕೊಳ್ಳಬಾರದೆಂದು ಅಡ್ಡಕ್ಕೆ ಒಂದು ಕಲ್ಲು ಇಟ್ಟಿದ್ದರು. ನಾನು ಅದನ್ನು ದಾಟಿ ಒಳಗೆ ಹೋಗಿ, ಚಹಾ ಹೇಳಿ, ಅರ್ಧ ಕಪ್ಪು ಕುಡಿದ ಮೇಲೆ ಅದರತ್ತ ನೋಡಿದೆ. ಮಳೆಯ ಎರಚಲಿಗೆ ಕಲ್ಲಿನ ಮೈ ತೊಯ್ದು ಅದರ ಮೇಲಿನ ಗೆರೆಗಳೆಲ್ಲ ಎದ್ದು ಕಾಣುತ್ತಿದ್ದವು. ಸಣ್ಣ ಸಣ್ಣ ಅಲೆಗಳು, ಒಂದರ ಹಿಂದೆ ಒಂದು. ಮೂಲೆಯಲ್ಲಿ ಬಿಳಿ ಬಣ್ಣದ ಚುಕ್ಕೆ, ಅದರ ಮೇಲೆ ಅಳಿಸಿಹೋದ ಒಂದು ಅಂಕಿ. ಆ ಚುಕ್ಕೆ ಇಟ್ಟವಳು ನಾನೇ. ತೊಯ್ದ ಕಲ್ಲಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಬಂದ ಕೆಲಸ ಮರೆತೇಹೋಯಿತು.

ಬಂದ ಕೆಲಸ ನನ್ನದಲ್ಲ, ಅಕ್ಕನ ಮಗಳು ಸ್ಫೂರ್ತಿಯದು. ಅವಳ ಅಡ್ಮಿಶನ್ನಿಗೆಂದು ಅವಳು, ನಾನು, ನನ್ನ ಅಪ್ಪ ಮೂವರೂ ಕಲ್ಲೋಳಿಯಿಂದ ಹೊರಟು ಗೋಕಾಕದಲ್ಲಿ ಬಸ್ಸು ಬದಲಿಸಿ ಈ ವಿಶ್ವವಿದ್ಯಾಲಯಕ್ಕೆ ಬಂದಿದ್ದೆವು. ಹುಡುಗಿ ಬಣ್ಣಬಣ್ಣದ ಪಾಂಪ್ಲೆಟ್ಟುಗಳನ್ನು ಮೇಜಿನ ತುಂಬ ಹರಡಿಕೊಂಡು, ಒಂದನ್ನು ಎತ್ತುವುದು, ಇನ್ನೊಂದನ್ನು ಇಡುವುದು ನಡೆಸಿದ್ದಳು.

"ಚಿಗವ್ವಾ, ನೀ ಇಲ್ಲೇ ಕಲ್ತಾಕಿ ಅಲ್ಲಾ. ನೀನ ಹೇಳ, ನಾ ಯಾವುದ ತಗೊಳ್ಲಿ?" ಎಂದಳು.

"ನನ್ನ ಕೇಳಬ್ಯಾಡ. ನಾ ಏನ್ ಕಲಿಯಾಕ ಬಂದಿದ್ನೋ, ಏನ್ ಕಲ್ತ್ನೋ, ನನಗ ಇನ್ನೂ ತಿಳದಿಲ್ಲ," ಎಂದೆ.

ಅಪ್ಪ ತಟ್ಟೆಗೆ ಚಹಾ ಬಗ್ಗಿಸಿಕೊಂಡು ಊದುತ್ತ ಕುಳಿತಿದ್ದ. ಹೆಗಲ ಮೇಲೆ ಯಾವತ್ತಿನಂತೆ ಟವೆಲ್ಲು. ಅವನೂ ಆ ಕಲ್ಲನ್ನು ನೋಡಿದ.

ನಾನು ಸೇರಿದಾಗ ಈ ವಿಶ್ವವಿದ್ಯಾಲಯಕ್ಕೆ ಇನ್ನೂ ಹಾಲುಹಲ್ಲು. ಇದ್ದದ್ದು ಒಂದೇ ಕಟ್ಟಡ. ಎರಡನೆಯದರ ಕಬ್ಬಿಣದ ಸಳಿಗಳು ಮಳೆಗೆ ತುಕ್ಕು ಹಿಡಿಯುತ್ತ ನಿಂತಿದ್ದವು. ಗೇಟಿನ ಬೋರ್ಡಿನಲ್ಲಿ ಬರೆದಿದ್ದ ಕೋರ್ಸುಗಳಿಗಿಂತ ಒಳಗಿದ್ದ ಕೋಣೆಗಳು ಕಡಿಮೆ. ಬಿಬಿಎ ಹುಡುಗರು ಸುಡುಬಿಸಿಲಿನಲ್ಲೂ ಕೋಟು ಹಾಕಿಕೊಂಡು ಬೆವರುತ್ತಿದ್ದರು. ಕೃಷಿ ವಿಭಾಗದವರು ಕೆಸರುಗಾಲಿನಲ್ಲಿ ಬಂದು ಬಿಸಿಎ ಲ್ಯಾಬಿನ ಮುಂದೆ ಬೈಸಿಕೊಳ್ಳುತ್ತಿದ್ದರು. ಇಂಗ್ಲಿಷ್ ಹೇಳಿಕೊಡುವವರು ಎಲ್ಲ ಕೋರ್ಸಿಗೂ ಒಬ್ಬರೇ, ಹಾಗಾಗಿ ಅವರ ಹಾಸ್ಯವೂ ಎಲ್ಲ ಕೋರ್ಸಿಗೂ ಒಂದೇ. ಹುಡುಗಿಯರ ಹಾಸ್ಟೆಲ್ ಅದೇ ಕಟ್ಟಡದ ಮೇಲಿನ ಅಂತಸ್ತು. ಕೆಳಗೆ ಕುಲಪತಿಗಳ ಕೋಣೆ. ನಾವು ಬಕೆಟ್ಟು ಜೋರಾಗಿ ಕುಕ್ಕಿದರೆ ಸಾಕು, ವಾರ್ಡನ್ ಮೆಟ್ಟಿಲು ಹತ್ತಿ ಬರುತ್ತಿದ್ದರು.

ನಾನು ಬಂದದ್ದು ಬಿಸಿಎ ಕಲಿಯಲು. ಊರಿನಲ್ಲಿ ಎಲ್ಲರೂ ಅದನ್ನೇ ಕಲಿಯುತ್ತಿದ್ದರು, ನಾನೂ ಹೊರಟಿದ್ದೆ, ಅದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ. ಅಪ್ಪನ ಜೊತೆ ಬರುವಷ್ಟರಲ್ಲಿ ಬಿಸಿಎ ತುಂಬಿಹೋಗಿತ್ತು. ಕೌಂಟರಿನಲ್ಲಿದ್ದವರು ಅತ್ತಿತ್ತ ನೋಡಿ, "ಭೂವಿಜ್ಞಾನದಾಗ ಸೀಟ್ ಅದಾವ ನೋಡ್ರಿ ಕಾಕಾ," ಎಂದರು.

"ಅದ್ರಾಗ ಏನ್ ಕಲಸ್ತಾರ್ರಿ?" ಅಪ್ಪ ಕೇಳಿದ.

"ನೆಲದ ಒಳಗ ಏನೇನ ಐತಿ ಅನ್ನೂದ ಕಲಸ್ತಾರ್ರಿ."

ಅಪ್ಪನ ಮುಖ ಅರಳಿತು. ಮುಂದಿನದೇನನ್ನೂ ಕೇಳದೆ ನನ್ನನ್ನು ಸೇರಿಸಿಬಿಟ್ಟ. ನನ್ನ ಅಪ್ಪ ಮಲ್ಲಪ್ಪ ಮೂಡಲಗಿಯ ದನದ ಸಂತೆಯಲ್ಲಿ ದಲಾಲ. ಎತ್ತು ಕೊಳ್ಳುವವರಿಗೂ ಮಾರುವವರಿಗೂ ನಡುವೆ ನಿಂತು ವ್ಯಾಪಾರ ಕುದುರಿಸುವುದು ಅವನ ಕೆಲಸ. ಹೊರಗಿನದನ್ನು ನೋಡಿ ಒಳಗಿನದನ್ನು ಹೇಳುವುದು ಅವನಿಗೆ ಬಹಳ ದೊಡ್ಡ ವಿದ್ಯೆ. ಮರಳಿ ಬರುವಾಗ ಬಸ್ಸಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ, ಮಗಳು ನೆಲದೊಳಗಿನ ನೀರು ಹೇಳುವುದನ್ನು ಕಲಿಯುತ್ತಾಳೆ ಎಂದು ಸಾರಿದ. ನಾನು ಇನ್ನೂ ಒಂದು ಕ್ಲಾಸೂ ಕೇಳಿರಲಿಲ್ಲ, ಆಗಲೇ ಕಲ್ಲೋಳಿಯ ಜನ ಮನೆಗೆ ಬಂದು, "ರೇಣವ್ವಾ, ನಮ್ಮ ಹೊಲದಾಗ ಬೋರ್ ಎಲ್ಲಿ ಹೊಡಸೂನು ಹೇಳ," ಎನ್ನತೊಡಗಿದರು. ಏನು ಹೇಳಬೇಕೋ ತಿಳಿಯದೆ ಅಡುಗೆಮನೆಗೆ ಓಡುತ್ತಿದ್ದೆ.

ಕೋರ್ಸಿಗೆ ನಾವು ಮೂರೇ ಜನ. ನಾನು, ಕೊಣ್ಣೂರಿನ ಬಳೆ ಅಂಗಡಿಯವರ ಮಗಳು ಶಬಾನಾ, ಕುಲಗೋಡದ ಬಸು. ಬಸು ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಹೊಡೆಯಲು ಹೋದರೆ ನಾವಿಬ್ಬರೇ. ಕಲಿಸುವವರು ಹುಕ್ಕೇರಿಯ ಕಾಂಬಳೆ ಮೇಡಂ. ಸ್ಕೂಟರಿನ ಮುಂದೆ ಚೀಲ, ಚೀಲದ ತುಂಬ ಕಲ್ಲು. ನಮ್ಮ ಕ್ಲಾಸು ನಡೆಯುತ್ತಿದ್ದದ್ದು ಕ್ರೀಡಾ ಸಾಮಾನು ಇಡುವ ಕೋಣೆಯಲ್ಲಿ, ಈಗ ಕ್ಯಾಂಟೀನ್ ಇದೆಯಲ್ಲ, ಇದೇ ಜಾಗದಲ್ಲಿ. ಮೊದಲ ದಿನವೇ ಮೇಡಂ ಎರಡು ಬೂದಿ ಬಣ್ಣದ ಕಲ್ಲು ಕೊಟ್ಟು, ನೆಕ್ಕಿ ನೋಡಿ ವ್ಯತ್ಯಾಸ ಹೇಳಿ ಎಂದರು. ನಾವು ಒಬ್ಬರ ಮುಖ ಒಬ್ಬರು ನೋಡಿದೆವು.

"ಮನ್ಯಾಗ ಗೊತ್ತಾದ್ರ ನನ್ನ ಕಾಲೇಜ ಬಿಡಸ್ತಾರ್ರಿ ಮೇಡಂ," ಎಂದಳು ಶಬಾನಾ.

"ಗೊತ್ತಾಗೂ ಮಟಾ ನೆಕ್ಕ ಬಾ," ಎಂದರು ಮೇಡಂ.

ಹೀಗೆ ಶುರುವಾಯಿತು. ಮೇಡಂ ಹೇಳುತ್ತಿದ್ದ ಕಾಲದ ಲೆಕ್ಕ ನನಗೆ ಹಿಡಿತಕ್ಕೇ ಸಿಗುತ್ತಿರಲಿಲ್ಲ. ನಮ್ಮಜ್ಜನ ಅಜ್ಜನ ಹೆಸರೇ ಗೊತ್ತಿಲ್ಲದವಳಿಗೆ ಕೋಟಿ ಕೋಟಿ ವರ್ಷ ಎಂದರೆ ಏನು ತಿಳಿಯಬೇಕು? ಪರೀಕ್ಷೆಗೆ ಬಾಯಿಪಾಠ ಮಾಡುತ್ತಿದ್ದೆ, ತಲೆ ಚಿಟ್ಟು ಹಿಡಿಯುತ್ತಿತ್ತು. ಬಿಸಿಎ ಹುಡುಗಿಯರು ಕಂಪ್ಯೂಟರ್ ಮುಂದೆ ತಂಪಾಗಿ ಕುಳಿತದ್ದನ್ನು ಕಿಟಕಿಯಲ್ಲಿ ಕಂಡಾಗಲೆಲ್ಲ, ನಾನು ಯಾಕಾದರೂ ಈ ಕಲ್ಲುಗಳ ನಡುವೆ ಬಂದೆನೋ ಎಂದು ನನ್ನನ್ನೇ ಬೈದುಕೊಳ್ಳುತ್ತಿದ್ದೆ.

ಘಟಪ್ರಭೆ ಕೆಂಪಾಗಿ ತುಂಬಿ ಹರಿಯುತ್ತಿದ್ದ ದಿನಗಳಲ್ಲಿ ಮೇಡಂ ನಮ್ಮನ್ನು ಗೋಕಾಕ ಫಾಲ್ಸಿಗೆ ಕರೆದುಕೊಂಡು ಹೋದರು. ಜನವೆಲ್ಲ ನೀರು ನೋಡಿ ಮೊಬೈಲ್ ಎತ್ತಿ ನಿಂತಿದ್ದರೆ ಮೇಡಂ ನೀರಿಗೆ ಬೆನ್ನು ಮಾಡಿ ಬಂಡೆ ನೋಡಿರಿ ಎನ್ನುತ್ತಿದ್ದರು. ಗೋವಿನಜೋಳದ ತೆನೆ ಸುಡುವವನು ನಮ್ಮನ್ನು ಕಂಡು ನಗುತ್ತಿದ್ದ. ಬರುವಾಗ, ದಾರಿ ಅಗಲ ಮಾಡಲು ಒಡೆದು ಹಾಕಿದ್ದ ರಾಶಿಯಲ್ಲಿ ಶಬಾನಾ ಒಂದು ಕಲ್ಲು ಮಗುಚಿದಳು. ಅದರ ಮೈತುಂಬ ಅಲೆ. ನಾನು ಎಷ್ಟೋ ಸಲ ಅದೇ ಅಲೆಗಳನ್ನು ಹೊಳೆದಂಡೆಯ ಮರಳಿನಲ್ಲಿ ಕಂಡಿದ್ದೆ. ಕಾಲಿಟ್ಟರೆ ಅಳಿಸಿಹೋಗುವಂಥವು. ಇವು ಮಾತ್ರ ಉಗುರಿನಿಂದ ಕೆರೆದರೂ ಹೋಗಲೊಲ್ಲವು.

"ಇಲ್ಲೆ ಒಂದ ಕಾಲಕ್ಕ ಸಮುದ್ರ ಇತ್ತ. ಮೊಳಕಾಲ ಮುಳಗೂವಷ್ಟ ನೀರ," ಎಂದರು ಮೇಡಂ.

ನಾನು ಆ ಅಲೆಗಳ ಮೇಲೆ ಕೈಯಾಡಿಸಿದೆ. ಯಾಕೋ ಅಳು ಬಂತು. ಕಲ್ಲು ಕಂಡು ಅಳುವ ಹುಡುಗಿ ಎಂದು ಶಬಾನಾ ಹಾಸ್ಟೆಲ್ ತುಂಬ ಹೇಳಿಕೊಂಡು ನಕ್ಕಳು. ನಗಲಿ ಬಿಡಿ, ನನಗೇ ಅದು ಏನೆಂದು ತಿಳಿದಿರಲಿಲ್ಲ. ಆವತ್ತಿನಿಂದ ಮಾತ್ರ ಬಿಸಿಎ ಕಿಟಕಿಯತ್ತ ನೋಡುವುದು ನಿಂತಿತು. ಆ ಕಲ್ಲನ್ನು ಎದೆಗವುಚಿಕೊಂಡು ತಂದು, ತೊಳೆದು, ಬಿಳಿ ಚುಕ್ಕೆ ಇಟ್ಟು, ಅಂಕಿ ಬರೆದು ಕಪಾಟಿನಲ್ಲಿಟ್ಟೆ.

ಒಲ್ಲದೆ ಬಂದವಳಿಗೆ ಕೋರ್ಸು ಬೇಕು ಅನ್ನಿಸುವ ಹೊತ್ತಿಗೆ ಕೋರ್ಸಿಗೇ ನಾನು ಬೇಡವಾದೆ. ಬೇಸಿಗೆಯಲ್ಲಿ ಸುದ್ದಿ ಹಬ್ಬಿತು: ಮೂರು ಜನರಿಗಾಗಿ ಒಂದು ವಿಭಾಗ ನಡೆಸಲು ಆಡಳಿತ ಮಂಡಳಿ ಒಪ್ಪುವುದಿಲ್ಲ, ಭೂವಿಜ್ಞಾನ ಮುಚ್ಚುತ್ತಾರೆ, ನಮ್ಮನ್ನು ಕೃಷಿಗೋ ಬಿಸಿಎಗೋ ಹಾಕುತ್ತಾರೆ. ಮೇಡಂ ಏನಾಗುತ್ತಾರೆ ಎಂಬುದನ್ನು ಯಾರೂ ಹೇಳಲಿಲ್ಲ. ಖರೆಯೋ ಸುಳ್ಳೋ ಕೇಳೋಣವೆಂದು ಡೀನ್ ಸರ್ ಹತ್ತಿರ ಹೋದರೆ ಅವರು, "ನೋಡೋಣ, ನೋಡೋಣ, ಚೆನ್ನಾಗಿ ಓದ್ತಾ ಇರಿ," ಎಂದರು. ಡೀನ್ ಸರ್ ಮೈಸೂರು ಕಡೆಯವರು. ಯಾರಿಗೂ ಆಗುವುದಿಲ್ಲ ಎನ್ನಲು ಅವರಿಂದ ಆಗುತ್ತಿರಲಿಲ್ಲ. ಯಾರೇ ಏನೇ ಕೇಳಲು ಬರಲಿ, ಅವರ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ನಗುತ್ತಿದ್ದರು. ಹೊರಗೆ ಬಂದ ಮೇಲೇ ಗೊತ್ತಾಗುವುದು, ಉತ್ತರ ಏನೂ ಸಿಕ್ಕಿಲ್ಲ ಎಂದು.

ನಾನು ಮನೆಗೆ ಫೋನ್ ಮಾಡಿ ಅತ್ತೆ. ಬಿಸಿಎ ಸಿಗಲಿಲ್ಲವೆಂದು ಹೋದ ವರ್ಷ ಅತ್ತವಳು ಈ ವರ್ಷ ಬಿಸಿಎ ಸಿಗುತ್ತದೆಂದು ಅಳುತ್ತಿದ್ದಾಳಲ್ಲ ಎಂದು ಅವ್ವ ತಲೆ ಬಡಿದುಕೊಂಡಳಂತೆ. ಅಪ್ಪ ಮಾತ್ರ ಸಂತೆಯಿಲ್ಲದ ದಿನ ನೋಡಿಕೊಂಡು, ಒಗೆದ ಧೋತರ ಉಟ್ಟು, ಹೆಗಲ ಮೇಲೆ ಹೊಸ ಟವೆಲ್ಲು ಹಾಕಿಕೊಂಡು ಬಂದ.

ಡೀನ್ ಸರ್ ಕಾರಿಡಾರಿನಲ್ಲಿ ಸಿಕ್ಕರು. ಅಕ್ಕಪಕ್ಕದಲ್ಲಿ ಬೇರೆ ಪಾಲಕರೂ ಇದ್ದರು. ಅಪ್ಪ ನಮಸ್ಕಾರ ಮಾಡಿ ತನ್ನ ಹೆಸರು, ಬಂದ ವಿಷಯ ಹೇಳಿದ.

"ಹೊಸದಾಗಿ ಒಂದಿಷ್ಟು ಮಕ್ಕಳು ಸೇರಿದರೆ ನೋಡೋಣ, ಮಲ್ಲಪ್ಪನವರೇ," ಎಂದರು ಡೀನ್.

"ಎಷ್ಟ ಮಂದಿ ಬೇಕ್ರಿ ಸಾಹೇಬ್ರ?"

ಡೀನ್ ಸರ್ ಸುತ್ತ ನಿಂತವರನ್ನು ಒಮ್ಮೆ ನೋಡಿದರು. ನಕ್ಕು, ತಮ್ಮ ಅಭ್ಯಾಸದಂತೆ ಅಪ್ಪನ ಕೈ ಹಿಡಿದರು.

ಇಲ್ಲಿ ದನದ ಸಂತೆಯ ಒಂದು ಪದ್ಧತಿ ಹೇಳಬೇಕು. ಎತ್ತಿನ ದರವನ್ನು ಅಲ್ಲಿ ಬಾಯಿಂದ ಆಡುವುದಿಲ್ಲ. ನಾಲ್ಕು ಜನರೆದುರು ಆಡಿದರೆ ಕೊಡುವವನಿಗೂ ಅವಮಾನ, ಕೊಳ್ಳುವವನಿಗೂ ಅವಮಾನ. ಇಬ್ಬರೂ ಕೈ ಕೂಡಿಸುತ್ತಾರೆ, ಮೇಲೆ ಟವೆಲ್ಲು ಬೀಳುತ್ತದೆ. ಒಳಗೆ ಬೆರಳು, ನಮ್ಮ ಕಡೆಯ ಮಾತಿನಲ್ಲಿ ಬಟ್ಟ, ಹಿಡಿದು ಮಾತಾಡುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಎರಡಾದರೆ ಎರಡು, ಇಡೀ ಕೈ ಹಿಡಿದರೆ ಐದು. ನೂರೋ ಸಾವಿರವೋ, ಅದು ಇಬ್ಬರಿಗೂ ಮೊದಲೇ ತಿಳಿದಿರುತ್ತದೆ. ಟವೆಲ್ಲು ತೆಗೆದ ಮೇಲೆ ಆ ಮಾತಿಗೆ ತಿದ್ದುಪಡಿ ಇಲ್ಲ. ಒಳಗೆ ಏನು ನಡೆಯಿತೆಂದು ದಲಾಲ ಮೂರನೆಯವರಿಗೆ ಹೇಳುವುದೂ ಇಲ್ಲ.

ಜನರಿದ್ದಾರೆ, ಡೀನ್ ಸಾಹೇಬರು ಬಾಯಿಬಿಡಲು ಹಿಂಜರಿದು ಕೈ ಕೊಟ್ಟರು ಎಂದುಕೊಂಡ ಅಪ್ಪ, ಹೆಗಲ ಟವೆಲ್ಲನ್ನು ತೆಗೆದು ಕೈಗಳ ಮೇಲೆ ಹೊದಿಸಿಬಿಟ್ಟ. ನಾನು ಪಕ್ಕದಲ್ಲೇ ನಿಂತಿದ್ದೆ. ಟವೆಲ್ಲು ಒಂದೆರಡು ಸಲ ಅಲುಗಿತು. ಡೀನ್ ಸರ್ ನಗುತ್ತಲೇ ಇದ್ದರು. ಅಪ್ಪ ಹುಬ್ಬು ಗಂಟಿಕ್ಕಿದ, ತಲೆಯಾಡಿಸಿದ, ಕೊನೆಗೆ, "ಆತ್ರಿ," ಎಂದು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ.

ಗೇಟಿನತ್ತ ನಡೆಯುವಾಗ ಹೇಳಿದ. ಮಗಳ ಕೋರ್ಸಿನ ವಿಷಯವಾದ್ದರಿಂದ ನಾನು ಮೂರನೆಯವಳಲ್ಲವಂತೆ.

"ಗಟ್ಟಿ ಮನಶ್ಯಾ ಅದಾರ ನಿಮ್ಮ ಡೀನ್ ಸಾಹೇಬ್ರು. ನಾ ಎರಡ ಬಟ್ಟ ಹಿಡದೆ, ಮೂರ ಹಿಡದೆ. ಅವರು ಐದ ಬಿಟ್ಟ ಕೆಳಗ ಇಳೀಲೇ ಇಲ್ಲ. ಆಗ್ಲಿ. ಐದ ಮಂದಿ ತರ್ತೇನಿ. ನಿನ್ನ ಕೋರ್ಸ ನಡೀತೈತಿ, ಹೋಗ, ಓದ."

"ಅಪ್ಪಾ, ಅವ್ರ ಎಲ್ಲಾರ ಕೈನೂ ಹಂಗ ಹಿಡೀತಾರ. ಅವರಿಗೆ ಟವೆಲ್ ಮಾತ ಗೊತ್ತಿಲ್ಲೋ," ಎಂದೆ.

"ಇಷ್ಟ ದೊಡ್ಡ ಸಾಲಿ ನಡಸಾವ್ರಿಗೆ ಗೊತ್ತಿಲ್ಲಂದ್ರ ಯಾರಿಗಿ ಗೊತ್ತಿರತೈತಿ? ನೀ ಸುಮ್ನಿರ," ಎಂದ ಅಪ್ಪ.

ನನಗೆ ದಿಕ್ಕೇ ತೋಚಲಿಲ್ಲ. ಅಪ್ಪ ಅಷ್ಟು ಗಟ್ಟಿಯಾಗಿ ಹೇಳುವಾಗ, ಇದ್ದರೂ ಇರಬಹುದು, ಡೀನ್ ಸರ್ ಎಲ್ಲಾದರೂ ಕಲಿತಿರಬಹುದು ಎಂದೂ ಅನ್ನಿಸಿತು. ಕಾಂಬಳೆ ಮೇಡಂಗೆ ಹೇಳಿದೆ. ಅವರು ನಕ್ಕರು. "ಅವರಿಗೆ ಟವೆಲ್ ಅಂದ್ರ ಮಾರಿ ಒರಸ್ಕೊಳ್ಳೂದಷ್ಟ. ಆದ್ರೂ ಕೇಳಿ ನೋಡ," ಎಂದರು. ಧೈರ್ಯ ಮಾಡಿ ಡೀನ್ ಸರ್ ಕೋಣೆಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವರು, "ನಿಮ್ಮ ತಂದೆ ಎಷ್ಟು ಪ್ರೀತಿಯ ಮನುಷ್ಯ ಅಮ್ಮ. ನನ್ನ ಕೈಗೆ ವಸ್ತ್ರ ಹೊದಿಸಿ ಗೌರವ ಮಾಡಿದರು. ನಿಮ್ಮ ಕಡೆಯ ಸಂಪ್ರದಾಯ ಅಲ್ವಾ ಅದು?" ಎಂದರು. ಕಣ್ಣಲ್ಲಿ ನೀರೂ ಇತ್ತು. ಏನು ಹೇಳಲಿ? ನಾನು ತೊದಲಿದೆ, ಅವರಿಗೆ ಅರ್ಥವಾಗಲಿಲ್ಲ, ಅಷ್ಟರಲ್ಲಿ ಕುಲಪತಿಗಳಿಂದ ಕರೆ ಬಂತು. ಆವತ್ತೇ ಮನೆಗೆ ಫೋನ್ ಮಾಡಿ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. "ದೊಡ್ಡ ಮಂದಿ ಹಂಗ, ಹೊರಗ ತೋರಸ್ಕೊಳ್ಳೂದಿಲ್ಲ," ಎಂದು ಅಪ್ಪ ಇನ್ನೂ ಸಂತೋಷಪಟ್ಟ.

ಅಲ್ಲಿಂದ ಅಪ್ಪನ ಓಡಾಟ ಶುರುವಾಯಿತು. ಎತ್ತು ಕೊಳ್ಳಲು ಬಂದವರಿಗೆಲ್ಲ ಭೂವಿಜ್ಞಾನ. ಮಗ ಪಿಯುಸಿ ಪಾಸಾದನೇನು, ಮಗಳು ಏನು ಓದುತ್ತಾಳೆ, ನಮ್ಮ ರೇಣವ್ವ ನೋಡು, ಕಲ್ಲು ನೆಕ್ಕಿ ಹೇಳುತ್ತಾಳೆ. ಕುಲಗೋಡಕ್ಕೆ ಹೋದ, ಕೊಣ್ಣೂರಿಗೆ ಹೋಗಿ ಶಬಾನಾಳ ತಂದೆಯನ್ನೂ ಕಟ್ಟಿಕೊಂಡು ತಿರುಗಿದ. ಜನ ನಂಬಿದ್ದು ಭೂವಿಜ್ಞಾನವನ್ನಲ್ಲ, ಮಲ್ಲಪ್ಪನನ್ನು. ಅವನ ಟವೆಲ್ಲಿನ ಮಾತು ಯಾವತ್ತೂ ಹುಸಿ ಹೋದದ್ದಿಲ್ಲ ಎನ್ನುವುದು ಸಂತೆಗೆಲ್ಲ ಗೊತ್ತಿತ್ತು. ಅದೊಂದೇ ಅವನ ಬಂಡವಾಳ.

ಮತ್ತೆ ಮಳೆ ಹಿಡಿಯಿತು. ಅಡ್ಮಿಶನ್ನಿನ ದಿನ ಅಪ್ಪ ಒಂದು ಕ್ರೂಸರ್ ಗಾಡಿಯ ತುಂಬ ಜನ ಕರೆತಂದ. ಹೇಳಿದ ಹಾಗೆ ಐದು ಮಕ್ಕಳು, ಅವರ ತಂದೆತಾಯಿ. ಗಾಡಿಯಿಂದ ಇಳಿದವರೆಲ್ಲ ಗೇಟಿನ ಬೋರ್ಡು ನೋಡುತ್ತ ನಿಂತರಂತೆ. ಭೂವಿಜ್ಞಾನ ಎಂದಿದ್ದ ಸಾಲಿಗೆ ಯಾರೋ ಬಿಳಿ ಬಣ್ಣ ಬಳಿದಿದ್ದರು. ಮಳೆಗೆ ಬಣ್ಣ ಸೋರಿ ಕೆಳಗಿನ ಸಾಲಿಗೂ ಹತ್ತಿತ್ತು. ಅಪ್ಪ ಒಂದು ಗಳಿಗೆ ನಿಂತ, ಆಮೇಲೆ, "ಬರ್ರಿ, ಒಳಗ ಸಾಹೇಬ್ರ ಅದಾರ," ಎಂದು ಮುಂದೆ ನಡೆದನಂತೆ.

ಡೀನ್ ಸರ್ ಕೋಣೆಯಲ್ಲಿ ನಾನು, ಕಾಂಬಳೆ ಮೇಡಂ ಇಬ್ಬರೂ ಇದ್ದೆವು. ಬೇರೆ ಕೋರ್ಸು ಆರಿಸಿಕೊಳ್ಳಲು ನನ್ನನ್ನು ಕರೆದಿದ್ದರು. ಅಪ್ಪ ಜನರನ್ನು ಹಿಂದೆ ಕಟ್ಟಿಕೊಂಡು ಬಂದು ನಿಂತ.

"ಐದ ಮಂದಿ ತಂದೀನ್ರಿ ಸಾಹೇಬ್ರ. ನೋಡ್ಕೋರಿ."

"ಬನ್ನಿ, ಬನ್ನಿ. ಬಹಳ ಸಂತೋಷ. ಯಾವ ಕೋರ್ಸಿಗೆ?"

"ಭೂವಿಜ್ಞಾನಕ್ರಿ. ನಮ್ಮ ನಿಮ್ಮ ನಡುವ ಮಾತ ಆಗಿತ್ತಲ್ರಿ."

"ಯಾವ ಮಾತು ಮಲ್ಲಪ್ಪನವರೇ?" ಡೀನ್ ಸರ್ ನಿಜವಾಗಿಯೂ ತಿಳಿಯದೆ ಕೇಳಿದರು.

ಕುಲಗೋಡದಿಂದ ಬಂದವರೊಬ್ಬರು, ಅವರೂ ಸಂತೆಗೆ ಬರುವವರೇ, ಮೆಲ್ಲಗೆ ಕೇಳಿದರು: "ಮಲ್ಲಪ್ಪಣ್ಣಾ, ಟವೆಲ್ ಹಾಕಿದ್ದಿಲ್ಲೇನ?"

"ಹಾಕಿದ್ದೆ," ಎಂದ ಅಪ್ಪ.

ಎಲ್ಲರೂ ಡೀನ್ ಸರ್ ಕಡೆ ತಿರುಗಿದರು. ಟವೆಲ್ಲು ಹಾಕಿ ಮಾತು ತಪ್ಪಿದವನನ್ನು ನೋಡುವ ನೋಟ ಅದು. ಮೇಡಂ ಬಗ್ಗಿ ಅವರ ಕಿವಿಯಲ್ಲಿ ಏನೋ ಹೇಳಿದರು. ಡೀನ್ ಸರ್ ಮುಖದ ನಗು ಹೋಯಿತು. ತಮ್ಮ ಕೈಗಳನ್ನೇ ನೋಡಿಕೊಂಡರು. ಒಬ್ಬ ದೊಡ್ಡ ಮನುಷ್ಯ ಅಷ್ಟು ಜನರೆದುರು ಸಣ್ಣವನಾಗಿ ನಿಂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಅಪ್ಪನೂ ಅದನ್ನು ನೋಡಿದ.

"ಸಾಹೇಬ್ರದ ತಪ್ಪಿಲ್ರಿ," ಎಂದ ಅಪ್ಪ, ಜನರ ಕಡೆ ತಿರುಗಿ. "ಎಣಿಕಿ ನಂದ ತಪ್ಪೈತಿ."

ಬೇರೆಯವರಿಗೆ ಇದು ಸಣ್ಣ ಮಾತು. ದಲಾಲನೊಬ್ಬ ತನ್ನ ಎಣಿಕೆ ತಪ್ಪಿತು ಎಂದು ಸಂತೆಯ ಜನರೆದುರು ಹೇಳಿದರೆ ಅವನ ಕಸುಬು ಮುಗಿದಂತೆ. ಬೆರಳು ಎಣಿಸಲು ಬಾರದವನ ಕೈಗೆ ಯಾರು ಕೈ ಕೊಡುತ್ತಾರೆ? ಕುಲಗೋಡದವರು ಅಪ್ಪನ ಮುಖವನ್ನೇ ನೋಡುತ್ತ ನಿಂತರು. ಬಂದ ಮಕ್ಕಳಲ್ಲಿ ಕೆಲವರು ಕೃಷಿಗೆ ಸೇರಿದರು, ಉಳಿದವರು ಅದೇ ಗಾಡಿಯಲ್ಲಿ ಮರಳಿದರು.

ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂಬುದೇ ಗೊತ್ತಿರಲಿಲ್ಲ. ಊರಿಗೆ ಹೋದವಳೇ ಅಪ್ಪನನ್ನು ಕೇಳಿದೆ: "ನೀ ಯಾಕ ಹಂಗ ಅಂದಿ? ಅವರಿಗೆ ಗೊತ್ತಿರಲಿಲ್ಲ, ಅದನ್ನ ಹೇಳಿದ್ರ ಮುಗೀತಿತ್ತ." ಅಪ್ಪ, "ಉಣ್ಣಾಕ ಹಾಕಿದಾರ, ಹೋಗ ಉಣ್ಣ," ಎಂದ. ಅವನಂತೂ ಉಣ್ಣಲಿಲ್ಲ.

ಮೂಡಲಗಿ ಸಂತೆಗೆ ಅಪ್ಪ ಹೋಗುತ್ತಲೇ ಇದ್ದ, ಆದರೆ ಬೇವಿನ ಮರದ ಕೆಳಗೆ ಕುಳಿತು ಬರುತ್ತಿದ್ದ. ಜನ ಮಾತಾಡಿಸುತ್ತಿದ್ದರು, ಎಲೆಅಡಿಕೆ ಕೊಡುತ್ತಿದ್ದರು, ವ್ಯಾಪಾರಕ್ಕೆ ಮಾತ್ರ ಬೇರೆಯವರನ್ನು ಕರೆಯುತ್ತಿದ್ದರು. ನಾನು ಕಾಲೇಜಿನಲ್ಲಿ ಬೆಳಿಗ್ಗೆ ಕೃಷಿ ಕ್ಲಾಸಿನಲ್ಲಿ, ಮಧ್ಯಾಹ್ನ ಬಿಸಿಎ ಕ್ಲಾಸಿನಲ್ಲಿ ಕುಳಿತುಕೊಳ್ಳುತ್ತಿದ್ದೆ. ಎರಡೂ ತಿಳಿಯುತ್ತಿರಲಿಲ್ಲ. ಎರಡೂ ಕಡೆಯವರು ನನ್ನನ್ನು ಇನ್ನೊಂದು ಕಡೆಯವಳೆಂದೇ ತಿಳಿದಿದ್ದರು. ಅಪ್ಪ ತನ್ನ ಮಾನ ಕಳೆದುಕೊಂಡದ್ದು ಯಾವ ಕೋರ್ಸಿಗಾಗಿಯೋ ಅದೂ ಇಲ್ಲ, ಇವೂ ಬೇಡ, ಹೀಗೆ ತಲೆಯಲ್ಲಿ ಒಂದೇ ಸಮನೆ ತಿರುಗುತ್ತಿತ್ತು. ಕಪಾಟಿನ ಕಲ್ಲುಗಳಿಗೆ ಬೀಗ ಬಿದ್ದಿತ್ತು.

ಒಂದು ಸಂತೆಯ ದಿನ ನಾನು ಅಪ್ಪನಿಗೆ ಬುತ್ತಿ ಒಯ್ದಿದ್ದೆ. ರಾತ್ರಿಯ ಮಳೆಗೆ ನೆಲವೆಲ್ಲ ಸಗಣಿ ರಾಡಿ. ದೂರದಲ್ಲಿ ಕಾಂಬಳೆ ಮೇಡಂ ಸ್ಕೂಟರ್ ಕಂಡಿತು. ಹಿಂದಿನ ಸೀಟಿನಿಂದ ಇಳಿದವರು ಡೀನ್ ಸರ್. ಪ್ಯಾಂಟು ಮಡಚಿ, ಬೂಟು ಕೈಯಲ್ಲಿ ಹಿಡಿದು, ಕೋಡು ಕಂಡಲ್ಲೆಲ್ಲ ಹಿಂದೆ ಸರಿಯುತ್ತ, ಎತ್ತುಗಳ ನಡುವೆ ದಾರಿ ಮಾಡಿಕೊಂಡು ಬಂದರು. ಎದುರಾದವರನ್ನೆಲ್ಲ, "ಮಲ್ಲಪ್ಪನವರು ಎಲ್ಲಿ?" ಎಂದು ಕೇಳುತ್ತಿದ್ದರು. ಸಂತೆಯ ಅರ್ಧ ಜನ ಅವರ ಬೆನ್ನು ಹತ್ತಿದರು.

ಅಪ್ಪ ಗಡಬಡಿಸಿ ಎದ್ದು ನಿಂತ.

"ಮಲ್ಲಪ್ಪನವರೇ," ಡೀನ್ ಸರ್ ಎಲ್ಲರಿಗೂ ಕೇಳುವಂತೆ ಹೇಳಿದರು, "ಆವತ್ತು ಎಣಿಕೆ ತಪ್ಪಿದ್ದು ನಿಮ್ಮದಲ್ಲ, ನನ್ನದು. ನನಗೆ ಎಣಿಸೋದಕ್ಕೇ ಬರ್ತಿರಲಿಲ್ಲ. ನಿಮಗೆ ಅದು ಗೊತ್ತಾಗಿಯೂ ನನ್ನ ಮರ್ಯಾದೆ ಉಳಿಸಿದಿರಿ."

ಹೇಳಿ ಬೂಟುಗಳನ್ನು ಕೆಳಗಿಟ್ಟು ಎರಡೂ ಕೈ ಮುಂದೆ ಚಾಚಿದರು. ಅಪ್ಪ ಆ ಕೈಗಳನ್ನು ನೋಡಿದ, ಸುತ್ತಲಿನವರನ್ನು ನೋಡಿದ. ಹೆಗಲಿನಿಂದ ಟವೆಲ್ಲು ತೆಗೆದು ಕೈಗಳ ಮೇಲೆ ಹೊದಿಸಿದ. ಟವೆಲ್ಲು ಅಲುಗಿತೋ ಇಲ್ಲವೋ, ನನ್ನ ಕಣ್ಣು ಮಂಜಾಗಿ ಕಾಣಲಿಲ್ಲ. "ಆತ್ರಿ ಸಾಹೇಬ್ರ," ಎಂದ ಅಪ್ಪ. ಮುಂದಿನ ಜೋಡಿ ಎತ್ತಿನ ವ್ಯಾಪಾರಕ್ಕೆ ಕುಲಗೋಡದವರೇ ಅಪ್ಪನನ್ನು ಕರೆದರು. ನಾನು ಬುತ್ತಿಯ ಗಂಟು ಹಿಡಿದುಕೊಂಡೇ ನಿಂತಿದ್ದೆ, ಅದು ಹಳಸಿತು.

ಕೆಲವು ದಿನಗಳಲ್ಲಿ ನಮ್ಮನ್ನು ಕರೆದು ಹೇಳಿದರು: ಹೊಸಬರನ್ನು ಸೇರಿಸುವುದಿಲ್ಲ, ಆದರೆ ಈಗಿರುವ ಮೂವರು ಭೂವಿಜ್ಞಾನದಲ್ಲೇ ಡಿಗ್ರಿ ಮುಗಿಸಬಹುದು, ಅಲ್ಲಿಯವರೆಗೆ ಮೇಡಂ ಇರುತ್ತಾರೆ. ಡೀನ್ ಸರ್ ಮಂಡಳಿಯವರ ಹತ್ತಿರ ಜಗಳವನ್ನೇ ಆಡಿದರಂತೆ. ನೋಡೋಣ ಎನ್ನುವ ಮನುಷ್ಯ ಜಗಳ ಹೇಗೆ ಆಡಿರಬಹುದೆಂದು ನಾವು ಆಶ್ಚರ್ಯಪಟ್ಟೆವು. ಮರುವರ್ಷ ಅವರು ತಮ್ಮ ಊರ ಕಡೆ ಹೋದರು. ನಾವು ಮೂವರೂ ಮುಗಿಸಿದೆವು. ನಾನು ಈಗ ಹುಕ್ಕೇರಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ, ವರ್ಷಕ್ಕೊಮ್ಮೆ ಮಕ್ಕಳ ಕೈಯಲ್ಲಿ ಕಲ್ಲು ನೆಕ್ಕಿಸುತ್ತೇನೆ. ಸಂತೆಯಲ್ಲಿ ಡೀನ್ ಸರ್ ಅಪ್ಪನ ಮೂರು ಬೆರಳು ಹಿಡಿದರು, ಮೂವರು ಉಳಿದೆವು. ನಾನು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದದ್ದು ಹೀಗೆ. ಅಪ್ಪ ಹೌದು ಎಂದವನಲ್ಲ, ಅಲ್ಲ ಎಂದವನೂ ಅಲ್ಲ.

ಕ್ಯಾಂಟೀನಿನಲ್ಲಿ ಇದನ್ನೆಲ್ಲ ಸ್ಫೂರ್ತಿಗೆ ಮತ್ತೊಮ್ಮೆ ಹೇಳಿದೆ. ಅವಳು ಪಾಂಪ್ಲೆಟ್ಟು ಬಿಟ್ಟು ಅಪ್ಪನ ಕಡೆ ತಿರುಗಿದಳು.

"ಅಜ್ಜಾ, ಖರೇನ ಮೂರ ಬಟ್ಟ ಹಿಡದಿದ್ರೇನ?"

ಅಪ್ಪ ಖಾಲಿ ತಟ್ಟೆಯನ್ನು ಕಪ್ಪಿನ ಮೇಲೆ ಮುಚ್ಚಿಟ್ಟ. "ಆ ಸಾಹೇಬ್ರೂ ಈಗ ಇಲ್ಲಿಲ್ಲ, ಆ ಕೋರ್ಸೂ ಇಲ್ಲ. ಇನ್ನ ಹೇಳಿದ್ರ ನಡೀತೈತಿ," ಎಂದು ಹೆಗಲ ಟವೆಲ್ಲು ತೆಗೆದು, "ಕೊಡ ಕೈ ಇಲ್ಲಿ," ಎಂದ. ಸ್ಫೂರ್ತಿಗಲ್ಲ, ನನಗೆ.

ಕೊಟ್ಟೆ. ಟವೆಲ್ಲು ಬಿತ್ತು. ನಾನು ಮೂರು ಬೆರಳಿಗೆ ಕಾಯುತ್ತಿದ್ದೆ. ಅಪ್ಪ ತನ್ನ ಎರಡೂ ಕೈಯಿಂದ ನನ್ನ ಇಡೀ ಕೈಯನ್ನು ಗಟ್ಟಿಯಾಗಿ ಹಿಡಿದ.

"ಇದು ಮೊದಲನೇ ಸಲ ಹಿಡದದ್ದಲ್ಲೇನ? ಐದು?" ಎಂದೆ.

"ಎರಡನೇ ಸಲಾನೂ ಹಿಂಗ ಹಿಡದ್ರು. ಬಟ್ಟ ಹಿಡಿಯೂದ ಆ ಮನಶ್ಯಾಗ ಕಡೀಕೂ ಬರಲಿಲ್ಲ."

"ಹಂಗಾದ್ರ ಆವತ್ತ ನೀ ಎಷ್ಟಂತ ತಿಳಕೊಂಡಿ?"

ಅಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ.

"ಆವತ್ತ ನಾ ಎಣಿಸಲಿಲ್ಲ, ಯವ್ವಾ," ಎಂದ.